ಒಂದೇ ತೋಳಿನ ಕೋಟು

ನಾನು ಮೂರನೇ ಸಾಲಿನ ತುದಿಯಲ್ಲಿ ಕೂತಿದ್ದೇನೆ,
ಮೊಣಕಾಲಿಗೆ ಅದೇ ಅನುಕೂಲ.
ಟಿಕೆಟ್ಟು ಬಿಟ್ಟಿ. ಕಳಿಸಿದ ಹುಡುಗ ಲಕೋಟೆಯ ಮೇಲೆ
‘ತೆಯೋಫಿಲಾ, ಸಹಾಯಕಿ’ ಎಂದು ಬರೆದಿದ್ದ.
ಇರಲಿ.

ಪರದೆಯ ಮೇಲೆ ಮೊದಲು ಹೊಗೆ,
ಹೊಗೆ ಸರಿದಂತೆ ಬೆರಳು, ಬೆರಳಾಚೆ ಹಾಲ್ಷ್ಕಾ.
ಸತ್ತು ಆರು ವರ್ಷವಾದರೂ
ಎಷ್ಟು ಚೆನ್ನಾಗಿ ಸಿಡುಕುತ್ತಾಳೆ!
ಅವಳ ಬೆನ್ನಿಗೆ ನಮ್ಮ ವೂಚ್ ಪಟ್ಟಣ:
ಹೆಸರಿಗೆ ದೋಣಿ ಎಂದರ್ಥ, ನೋಡಹೋದರೆ ಹೊಳೆಯಿಲ್ಲ.
ಇದ್ದ ಹೊಳೆಗಳಿಗೆ ಗಿರಣಿಗಳು ಬಣ್ಣ ಕುಡಿಸಿ
ನೆಲದೊಳಗೆ ಮಲಗಿಸಿಬಿಟ್ಟವು.

‘ಎಂಬತ್ತೆರಡನೆಯ ಇಸವಿ,’ ಎನ್ನುತ್ತದೆ ಗಂಭೀರ ದನಿ,
‘ಬೀದಿಯಲ್ಲಿ ಟ್ಯಾಂಕು, ಅಂಗಡಿಯಲ್ಲಿ ಬರೀ ವಿನಿಗರ್,
ಆಗ ಈಕೆ ಬಂಡೆದ್ದಳು.’
ಹೌದು. ವಿನಿಗರ್ ಧಾರಾಳವಿತ್ತು,
ಬಣ್ಣ ಕಚ್ಚಿ ನಿಲ್ಲಲು ಅದೇ ಬೇಕಿತ್ತು ನಮಗೆ.
ಕೂಸುಗಳಿಗೆ ಸುತ್ತುವ ಬಟ್ಟೆಯ ಥಾನು ಕದ್ದು ತಂದು
ಈರುಳ್ಳಿ ಸಿಪ್ಪೆಯ ನೀರಲ್ಲಿ ಕುದಿಸುತ್ತಿದ್ದೆವು;
ನನ್ನ ಅಡುಗೆಮನೆಗೆ ವರ್ಷವಿಡೀ
ಎಂದೂ ಬಡಿಸದ ಸಾರಿನ ವಾಸನೆ.

ಈಗ ಬರುತ್ತದೆ ಆ ಕೋಟು,
ಗಾಜಿನ ಪೆಟ್ಟಿಗೆಯೊಳಗೆ, ಮ್ಯೂಸಿಯಮ್ಮಿನ ತಣ್ಣನೆ ಬೆಳಕಲ್ಲಿ.
ಬಲಕ್ಕೆ ತೋಳುಂಟು, ಎಡಕ್ಕಿಲ್ಲ.
ಕನ್ನಡಕದ ಪಂಡಿತನೊಬ್ಬ ಹೇಳುತ್ತಾನೆ:
‘ಇಲ್ಲದ ಈ ತೋಳು, ಬಾಯಿ ಕಟ್ಟಿಸಿಕೊಂಡ ನಾಡು.’
ಪಕ್ಕದ ಹುಡುಗಿ ಕತ್ತಲಲ್ಲೇ ಬರೆದುಕೊಳ್ಳುತ್ತಾಳೆ.

ಮಗಳೇ, ಬಟ್ಟೆ ಸಾಲಲಿಲ್ಲ.
ಸೈನ್ಯದ ಕಂಬಳಿ, ಒಂದೂಮುಕ್ಕಾಲು ಮೀಟರು,
ಅಂಚಿಗೆ ನುಸಿ ಹೊಡೆದಿತ್ತು.
ರಾತ್ರಿ ಎರಡರ ತನಕ ತಿರುವಿ ಮುರುವಿ ಹಾಸಿದೆ,
ಅಡ್ಡಕ್ಕೆ, ಓರೆಗೆ, ಎಳೆಗೆ ಎದುರಾಗಿ.
ತೋಳು ಹುಟ್ಟಲಿಲ್ಲ.
ಹೊರಗೆ ಕರ್ಫ್ಯೂ. ಹಾಲ್ಷ್ಕಾ ನೆಲದ ಮೇಲೆ ಕೂತು
ಮೂಗು ಸುರಿಸಿಕೊಂಡು ಅತ್ತಳು.
ಆಮೇಲೆ ಎದ್ದು, ಮುಖ ತೊಳೆದು, ಅಂದಳು:
‘ಯಾರಾದರೂ ಕೇಳಿದರೆ, ಬೇಕೆಂದೇ.’

ನಲವತ್ತು ವರ್ಷ ಯಾರೂ ನನ್ನನ್ನು ಕೇಳಲಿಲ್ಲ.

ಅಲ್ಲಿ! ಒಂದು ಕೈ.
ದೀಪದಡಿ ಕಾಜ ಹೊಲಿಯುತ್ತಿದೆ, ನಾಲ್ಕು ಸೆಕೆಂಡು.
ಹೆಬ್ಬೆರಳಲ್ಲಿ ಸೂಜಿ ಮುರಿದ ಕಲೆ.
‘ಹಾಲ್ಷ್ಕಾಳ ಮಾಂತ್ರಿಕ ಬೆರಳುಗಳು,’ ಎನ್ನುತ್ತದೆ ದನಿ.
ನನ್ನ ಹೆಬ್ಬೆರಳನ್ನು ನಾನು ಮಡಿಲಲ್ಲಿ ಮುಚ್ಚಿಕೊಳ್ಳುತ್ತೇನೆ.
ಅವಳಿಗೆ ಬರುತ್ತಿದ್ದುದು ಗುಂಡಿ ಹಾಕುವುದೊಂದೇ.

ಅದನ್ನೂ ಇವರು ತೋರಿಸಿಲ್ಲ:
ಬಟ್ಟೆ ಒಣಹಾಕುವ ಅಟ್ಟದಲ್ಲಿ ನಮ್ಮ ಪ್ರದರ್ಶನ,
ಹಗ್ಗಗಳ ನಡುವೆ ಹುಡುಗಿಯರು ಬಾಗಿ ಬಾಗಿ ನಡೆಯುತ್ತಿದ್ದಾಗ
ಮೆಟ್ಟಿಲು ಹತ್ತಿ ಬಂದ ಪೊಲೀಸರು.
ಅವರಲ್ಲೊಬ್ಬ ಇನ್ನೂ ಮೀಸೆ ಚಿಗುರದವನು,
ಎದೆಯ ಗುಂಡಿ ಒಂದೆಳೆಯಲ್ಲಿ ಜೋತಾಡುತ್ತಿತ್ತು.
‘ಹೀಗೆ ಬಂದು ಬಂಧಿಸ್ತೀಯಾ ನನ್ನ? ನಾಚಿಕೆ ಇಲ್ಲ?’
ಎಂದು ಕೊರಳಪಟ್ಟಿ ಹಿಡಿದು ಬೆಳಕಿಗೆ ಎಳೆದು,
ಬೈಯುತ್ತ ಬೈಯುತ್ತ ಹೊಲಿದು,
ದಾರ ಕಡಿಯಲು ಅವನೆದೆಗೆ ಹಲ್ಲು ತಂದಾಗ
ಆ ಹುಡುಗ ಕಣ್ಣು ಮುಚ್ಚಿದ್ದ.
ಆಮೇಲೆ ಮೂರು ತಿಂಗಳು ಅವಳು ಜೈಲಿನಲ್ಲಿದ್ದಳು.
ಅಲ್ಲಿ ಕ್ಯಾಮೆರಾ ಇರಲಿಲ್ಲ, ಏನು ಮಾಡುವುದು.

ಕೋಪವೇನಿಲ್ಲ. ಕತ್ತರಿ ಹಿಡಿದವರ ಕಷ್ಟ ಬಲ್ಲೆ.
ಇದ್ದಷ್ಟು ಬಟ್ಟೆಯಲ್ಲೇ ಮೈ ಮುಚ್ಚಬೇಕು,
ಎಪ್ಪತ್ತನಾಲ್ಕು ನಿಮಿಷ ಎಷ್ಟಕ್ಕೆಂದು ಬಂದೀತು.

ದೀಪ ಬಂತು. ಚಪ್ಪಾಳೆ. ಲಕೋಟೆಯ ಹುಡುಗ
ವೇದಿಕೆಯ ಮೇಲೆ ಬೆವರುತ್ತಿದ್ದಾನೆ.
ಪಕ್ಕದವಳು ನನ್ನ ಕಡೆ ತಿರುಗುತ್ತಾಳೆ:
‘ಅಜ್ಜಿ, ನಿಮಗೆ ಅವರ ಪರಿಚಯ ಇತ್ತಾ?
ಆ ತೋಳು... ಯಾಕಿರಬಹುದು?’

ಪುಸ್ತಕ ತೆರೆದೇ ಇದೆ, ಪೆನ್ನೂ.
ಗಂಟಲು ಸರಿಮಾಡಿಕೊಂಡೆ.
‘ಬೇಕೆಂದೇ,’ ಎಂದೆ.

ಹೊರಡಲು ಎದ್ದಾಗ ಕೋಟು ಹಿಡಿದಳು, ಒಳ್ಳೆಯ ಹುಡುಗಿ.
ಬಲಗೈ ಸಲೀಸಾಗಿ ಹೋಯಿತು.
ಎಡತೋಳಿನ ಅಸ್ತರು ಹರಿದು ಎಷ್ಟೋ ಚಳಿಗಾಲವಾಯಿತು,
ಹೊಲಿಯಬೇಕು ಹೊಲಿಯಬೇಕು ಅಂದುಕೊಂಡೇ ಇದ್ದೇನೆ.
ಕೈ ದಾರಿ ತಪ್ಪಿ ಒಳಗೇ ತಡಕಾಡಿತು.
‘ನಿಧಾನ ಅಜ್ಜಿ,’ ಎಂದಳು, ‘ನಿಧಾನ.’